ಹಳೆಯ ವ್ಯಾನು ಕಾಯುತ್ತಿದ್ದರೆ ಮೊದಲ ಖರ್ಚು ಯಾವುದಕ್ಕೆ: ಫ್ಯಾನಿಗೋ, ರೇಡಿಯೇಟರಿಗೋ, ಕೂಲೆಂಟಿಗೋ?

ಫೆಬ್ರುವರಿ ಕೊನೆಯ ವಾರ ದಾಟುತ್ತಿದ್ದಂತೆ ಹಳೆಯ ಓಮ್ನಿ, ಟ್ರ್ಯಾಕ್ಸ್, ಟೆಂಪೊ ಟ್ರಾವೆಲರ್ ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ವ್ಯಾನಿನ ಎಂಜಿನ್ ಅತಿಯಾಗಿ ಬಿಸಿಯಾಗಿ ಕಾಯುತ್ತಿದೆ, ಒಬ್ಬ ಮೇಸ್ತ್ರಿ ಫ್ಯಾನ್ ಮೋಟಾರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರೇ ಹೋಗಿದೆ ಎನ್ನುತ್ತಾರೆ, ಮೂರನೆಯವರು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ಕಿತ್ತುಹಾಕಿ ಫ್ಯಾನಿಗೆ ನೇರವಾಗಿ ಸ್ವಿಚ್ ಕೊಟ್ಟರೆ ಕಡಿಮೆ ಹಣದಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಮೂವರೂ ಅನುಭವಸ್ಥರೇ ಆಗಿರುವುದರಿಂದ ಮಾಲೀಕರಿಗೆ ದಿಕ್ಕು ತೋಚದಂತಾಗುತ್ತದೆ. ಗಂಗಾವತಿಯಿಂದ ಸಿಂಧನೂರು, ರಾಯಚೂರು ಕಡೆಗೆ ಬಿತ್ತನೆ ಬೀಜದ ಚೀಲಗಳನ್ನು ಹೊರುವ ಹಳೆಯ ಓಮ್ನಿಯೊಂದನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ನಾನು ಈ ಮೂರೂ ದಾರಿಗಳಲ್ಲಿ ಹಣ ಹಾಕಿ ನೋಡಿದ್ದೇನೆ. ಮೂರೂ ಸರಿಯಾದ ಸಲಹೆಗಳೇ ಆಗಬಹುದು, ಮೂರೂ ತಪ್ಪೂ ಆಗಬಹುದು. ಅದು ವ್ಯಾನು ಎಲ್ಲಿ ಕಾಯುತ್ತದೆ ಎಂಬುದರ ಮೇಲೆ ನಿಂತಿದೆ.

ನಮ್ಮ ಸೀಮೆಯ ಲೆಕ್ಕವೇ ಬೇರೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ರೇಡಿಯೇಟರ್ ಎಷ್ಟು ಶಾಖವನ್ನು ಹೊರಗೆ ಚೆಲ್ಲುತ್ತದೆ ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಒಳಗೆ 90 ಡಿಗ್ರಿ, ಹೊರಗೆ 28 ಡಿಗ್ರಿ ಇದ್ದರೆ ಅಂತರ 62 ಡಿಗ್ರಿ. ಅದೇ ವ್ಯಾನು ರಾಯಚೂರಿನ 42 ಡಿಗ್ರಿ ಬಿಸಿಲಿನಲ್ಲಿ ನಿಂತರೆ ಅಂತರ 48ಕ್ಕೆ ಇಳಿಯುತ್ತದೆ. ಅಂದರೆ ಯಾವ ಭಾಗವೂ ಕೆಡದಿದ್ದರೂ ರೇಡಿಯೇಟರಿನ ಸಾಮರ್ಥ್ಯದಲ್ಲಿ ಸುಮಾರು ಕಾಲು ಭಾಗ ಬಿಸಿಲಿಗೇ ಹೋಯಿತು. ತಂಪು ಊರುಗಳಲ್ಲಿ ಅರ್ಧ ಕಟ್ಟಿಕೊಂಡ ರೇಡಿಯೇಟರಿನೊಂದಿಗೆ ವರ್ಷಗಟ್ಟಲೆ ಓಡುವ ವ್ಯಾನು ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಇದರ ಮೇಲೆ ಗಂಗಾವತಿ, ಸಿಂಧನೂರು ಕಡೆಯ ಭತ್ತದ ಹೊಟ್ಟು, ರಾಯಚೂರಿನ ಹತ್ತಿಯ ಎಳೆ, ಸಂಡೂರು, ತೋರಣಗಲ್ಲು ದಾರಿಯ ಅದಿರಿನ ಕೆಂಪು ಧೂಳು, ಎಲ್ಲ ಕಡೆಯ ಗಡಸು ಬೋರ್ ನೀರು ಸೇರಿಕೊಳ್ಳುತ್ತವೆ.

ಆಯ್ಕೆಯ ಅಳತೆಗೋಲುಗಳು

ಯಾವುದೇ ಬಿಡಿಭಾಗ ಕೊಳ್ಳುವ ಮೊದಲು ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ವ್ಯಾನು ಯಾವಾಗ ಕಾಯುತ್ತದೆ ಎಂಬುದು ಮೊದಲನೆಯದು ಮತ್ತು ಉಳಿದೆಲ್ಲಕ್ಕಿಂತ ದೊಡ್ಡದು. ಎರಡನೆಯದು, ವ್ಯಾನಿಗೆ ಇನ್ನು ಎಷ್ಟು ವರ್ಷದ ಆಯುಷ್ಯವಿದೆ ಎಂಬುದು. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುವುದರಿಂದ, ಈಗಷ್ಟೇ ಆರ್‌ಸಿ ನವೀಕರಿಸಿಕೊಂಡವರ ಲೆಕ್ಕವೂ ಮುಂದಿನ ವರ್ಷ ಮಾರಲಿರುವವರ ಲೆಕ್ಕವೂ ಒಂದೇ ಆಗಲಾರದು. ಮೂರನೆಯದು, ದಾರಿಯಲ್ಲಿ ಕೆಟ್ಟರೆ ಕಾರಟಗಿಯಲ್ಲೋ ಕುಷ್ಟಗಿಯಲ್ಲೋ ಸಿಗುವ ಕೈಗಳಿಂದ ಅದನ್ನು ರಿಪೇರಿ ಮಾಡಿಸಬಹುದೇ ಎಂಬುದು. ನಾಲ್ಕನೆಯದು, ವ್ಯಾನಿನಲ್ಲಿ ಯಾರು ಕೂರುತ್ತಾರೆ ಎಂಬುದು. ಓಮ್ನಿಯಂಥ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ಹೋಸ್ ಒಡೆದು ಕುದಿಯುವ ನೀರು ಚಿಮ್ಮಿದರೆ ಅದು ಮನುಷ್ಯರ ಕಾಲ ಬುಡದಲ್ಲೇ ಚಿಮ್ಮುತ್ತದೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ವಿಷಯದಲ್ಲಿ ಹಣ ಉಳಿಸುವ ದಾರಿಗಳನ್ನು ನಾನು ಸೂಚಿಸುವುದಿಲ್ಲ.

ಮೊದಲ ಅಳತೆಗೋಲನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗುತ್ತದೆ. ವ್ಯಾನು ಅರವತ್ತರ ವೇಗದಲ್ಲಿ ಹೋಗುತ್ತಿರುವಾಗ ಎದುರುಗಾಳಿಯೇ ರೇಡಿಯೇಟರಿನೊಳಗೆ ನುಗ್ಗುತ್ತದೆ. ಆಗ ಫ್ಯಾನು ತಿರುಗಿದರೂ ತಿರುಗದಿದ್ದರೂ ಹೆಚ್ಚಿನ ವ್ಯತ್ಯಾಸವಿಲ್ಲ. ಫ್ಯಾನಿನ ಅವಶ್ಯಕತೆ ಬೀಳುವುದು ನಿಂತಾಗ ಮತ್ತು ತೆವಳುವಾಗ. ಹೀಗಾಗಿ ಬಳ್ಳಾರಿಯ ರಾಯಲ್ ಸರ್ಕಲ್ಲಿನ ದಟ್ಟಣೆಯಲ್ಲಿ, ರೈಲ್ವೆ ಗೇಟಿನ ಮುಂದೆ, ಹುಲಿಗಿ ಜಾತ್ರೆಯ ಸಾಲಿನಲ್ಲಿ ಉಷ್ಣತೆ ತೋರಿಸುವ ಮುಳ್ಳು ಮೇಲೇರಿ, ಹೆದ್ದಾರಿ ಸಿಕ್ಕ ಕೂಡಲೇ ಕೆಳಗಿಳಿದರೆ ದೋಷ ಗಾಳಿಯದು: ಫ್ಯಾನು, ಅದರ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್), ಫ್ಯೂಸ್, ಅಥವಾ ಹೊರಗಿನಿಂದ ಮುಚ್ಚಿಕೊಂಡ ರೇಡಿಯೇಟರ್. ಅದಕ್ಕೆ ತಿರುವುಮುರುವಾಗಿ, ಊರೊಳಗೆ ಸರಿಯಿದ್ದು ಕೊಪ್ಪಳ–ಹೊಸಪೇಟೆ ಹೆದ್ದಾರಿಯ ಓಟದಲ್ಲಿ ಅಥವಾ ಸಂಡೂರಿನ ಏರಿನಲ್ಲಿ ಕಾದರೆ ದೋಷ ನೀರಿನದು: ಒಳಗೆ ಕಟ್ಟಿಕೊಂಡ ಕೊಳವೆಗಳು, ಸವೆದ ವಾಟರ್ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟ್ಯಾಟ್, ಇಲ್ಲವೇ ಕಡಿಮೆಯಾದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಹೆದ್ದಾರಿಯಲ್ಲಿ ಕಾಯುವ ವ್ಯಾನಿಗೆ ಹೊಸ ಫ್ಯಾನ್ ಹಾಕಿಸಿ ಹಣ ಕಳೆದುಕೊಂಡವರನ್ನು ನಾನು ಬಹಳ ಮಂದಿ ಕಂಡಿದ್ದೇನೆ, ಮೊದಲ ಸಲ ನಾನೂ ಹಾಗೆಯೇ ಮಾಡಿದೆ.

ಖರ್ಚಿಗೆ ಮುಂಚೆ ತೊಳೆಯುವುದು

ಸುಗ್ಗಿಯ ಕಾಲದಲ್ಲಿ ಸಿಂಧನೂರು ರಸ್ತೆಯಲ್ಲಿ ಒಂದು ತಿಂಗಳು ಓಡಿದ ವ್ಯಾನಿನ ರೇಡಿಯೇಟರನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಫಿನ್‌ಗಳ (ತೆಳು ತಗಡಿನ ಪಟ್ಟಿಗಳ) ನಡುವೆ ಹೊಟ್ಟು ಕಂಬಳಿಯಂತೆ ಕೂತಿರುತ್ತದೆ. ಅದನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ, ಅಂದರೆ ಕಸ ಬಂದ ದಾರಿಯಲ್ಲೇ ಹಿಂದಕ್ಕೆ, ಸಾಬೂನು ನೀರು ಮತ್ತು ಸಣ್ಣ ಪೈಪಿನ ಧಾರೆಯಿಂದ ತೊಳೆಯಬೇಕು. ವಾಟರ್ ಸರ್ವಿಸ್‌ನವರ ಬಿರುಸಾದ ಗನ್ನನ್ನು ಹತ್ತಿರ ಹಿಡಿದರೆ ತೆಳುವಾದ ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಎಸಿ ಇರುವ ವ್ಯಾನಿನಲ್ಲಿ ಮುಂದಿರುವ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯನ್ನೂ ನೋಡಬೇಕು. ದುಡ್ಡೇ ಬೇಡದ ಈ ಕೆಲಸದಿಂದಲೇ ಎಷ್ಟೋ ವ್ಯಾನುಗಳು ಸರಿಹೋಗಿವೆ.

ಇದರ ಜೊತೆಯಲ್ಲೇ ರೇಡಿಯೇಟರಿನ ಮುಚ್ಚಳವನ್ನು ಪರೀಕ್ಷಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಅದನ್ನು ತೆರೆಯಬೇಕು. ಬಿಸಿಯಿದ್ದಾಗ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ, ಆ ಒತ್ತಡವೇ ಕುದಿಬಿಂದುವನ್ನು ಮೇಲೇರಿಸುತ್ತದೆ. 0.9 ಬಾರ್ ಮುಚ್ಚಳ ಸರಿಯಾಗಿ ಕೂತಿದ್ದರೆ ಬರಿಯ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಬಿರುಕುಬಿಟ್ಟ ಮುಚ್ಚಳದ ಕೆಳಗೆ ಅದೇ ನೀರು 100ಕ್ಕೇ ಕುದಿದು ಹೊರಚೆಲ್ಲುತ್ತದೆ. ಅಷ್ಟು ಅಗ್ಗದ ವಸ್ತುವಿಗಾಗಿ ಎಂಜಿನ್ನಿನ ಹೆಡ್ಡನ್ನು ಪಣಕ್ಕಿಡಬಾರದು. ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯನ್ನೇ ನೋಡಿ ಹೊಸದನ್ನು ಕೊಳ್ಳಿರಿ.

ಫ್ಯಾನು: ರಿಪೇರಿ, ಹೊಸದು, ಗುಜರಿಯದು, ನೇರ ಸ್ವಿಚ್

ಫ್ಯಾನು ತಿರುಗುತ್ತಿಲ್ಲ ಎಂದ ಮಾತ್ರಕ್ಕೆ ಮೋಟಾರ್ ಸುಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಕಾರ್ಬ್ಯುರೇಟರ್ ಇರುವ ಹಳೆಯ ವ್ಯಾನುಗಳಲ್ಲಿ ನೀರಿನ ದಾರಿಯಲ್ಲಿರುವ ಥರ್ಮೋ ಸ್ವಿಚ್ಚು, ಸಾಮಾನ್ಯವಾಗಿ ತೊಂಬತ್ತರ ಮೇಲಿನ ಡಿಗ್ರಿಗಳಲ್ಲಿ, ಫ್ಯಾನನ್ನು ಚಾಲೂ ಮಾಡುತ್ತದೆ. ಇಗ್ನಿಷನ್ ಹಾಕಿ, ಆ ಸ್ವಿಚ್ಚಿನ ಕನೆಕ್ಟರನ್ನು ಕಳಚಿ, ಎರಡು ವೈರುಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿದಾಗ ಫ್ಯಾನು ತಿರುಗಿದರೆ ಮೋಟಾರ್ ಚೆನ್ನಾಗಿದೆ, ಸ್ವಿಚ್ಚು ಹೋಗಿದೆ. ತಿರುಗದಿದ್ದರೆ ಫ್ಯೂಸು, ರಿಲೇಗಳನ್ನು ನೋಡಿ, ಕೊನೆಗೆ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟು ನೋಡಬೇಕು. ಎಂಪಿಎಫ್‌ಐ (ಕಾರ್ಬ್ಯುರೇಟರಿನ ಬದಲು ಇಂಜೆಕ್ಟರುಗಳಿರುವ) ವ್ಯಾನುಗಳಲ್ಲಿ ಸಾಮಾನ್ಯವಾಗಿ ಇಸಿಯು ಎಂಬ ಎಂಜಿನ್ ನಿಯಂತ್ರಕ ರಿಲೇಯ ಮೂಲಕ ಫ್ಯಾನನ್ನು ನಡೆಸುವುದರಿಂದ ಅಲ್ಲಿಯ ಸೆನ್ಸಾರಿನ ವೈರುಗಳನ್ನು ಹೀಗೆ ಜೋಡಿಸಬಾರದು. ರಿಲೇಯಿಂದಲೇ ಪರೀಕ್ಷೆ ಆರಂಭಿಸಬೇಕು.

ಮೋಟಾರೇ ಕೆಟ್ಟಿದ್ದರೆ ಮೊದಲ ದಾರಿ ರಿಪೇರಿ. ಕಾರ್ಬನ್ ಬ್ರಷ್ ಸವೆದಿರುವುದು ಅಥವಾ ಬುಷ್ ಸಡಿಲವಾಗಿರುವುದು ಸಾಮಾನ್ಯ ದೋಷಗಳು. ಆಟೋ ಎಲೆಕ್ಟ್ರಿಷಿಯನ್ ಇವನ್ನು ನೂರರ ಲೆಕ್ಕದಲ್ಲಿ ಬದಲಿಸಿಕೊಡುತ್ತಾರೆ. ಕಂಪನಿಯ ಮೂಲ ಮೋಟಾರ್ ಆಗಿದ್ದರೆ, ಕಮ್ಯುಟೇಟರ್ ಸುಟ್ಟಿಲ್ಲವಾದರೆ, ಈ ರಿಪೇರಿಯನ್ನೇ ನಾನು ಮೊದಲು ಆರಿಸುತ್ತೇನೆ. ಆದರೆ ವೈಂಡಿಂಗ್ ಕಪ್ಪಾದ ಮೋಟಾರನ್ನು ಮತ್ತೆ ಸುತ್ತಿಸುವುದು ಬೇಡ, ಏಕೆಂದರೆ ಅದರ ವೇಗ ಮೊದಲಿನಷ್ಟು ಬರುವುದು ಅಪರೂಪ.

ಹೊಸದನ್ನು ಕೊಳ್ಳುವುದಾದರೆ ಸಾವಿರದ ಲೆಕ್ಕ ಆರಂಭವಾಗುತ್ತದೆ. ಕಂಪನಿಯ ಮೋಟಾರಿಗೂ ಬೇರೆಯವರು ಮಾಡಿದ ಬಜಾರಿನ ಮೋಟಾರಿಗೂ ಬೆಲೆಯ ಅಂತರ ದೊಡ್ಡದಿರುತ್ತದೆ. ದಿನವೂ ಸೀಟು ತುಂಬಿಕೊಂಡು ಓಡುವ ವ್ಯಾನಿಗೆ ಕಂಪನಿಯದೇ ಯೋಗ್ಯ. ವಾರಕ್ಕೊಮ್ಮೆ ಹೊಲಕ್ಕೆ, ಸಂತೆಗೆ ಹೋಗುವ ವ್ಯಾನಿಗೆ ಹೆಸರಾಂತ ಬಿಡಿಭಾಗ ತಯಾರಕರ ಮೋಟಾರ್ ಸಾಕು. ಎರಡರಲ್ಲಿ ಯಾವುದನ್ನು ಕೊಂಡರೂ ರೆಕ್ಕೆಯ ಅಳತೆ ಹಳೆಯದಕ್ಕೆ ಹೊಂದಬೇಕು, ಸುತ್ತಲಿನ ಶ್ರೌಡ್ (ಗಾಳಿಗೆ ದಾರಿ ಮಾಡುವ ಕವಚ) ಮರಳಿ ಕೂರಬೇಕು. ಶ್ರೌಡ್ ಒಡೆದಿದೆಯೆಂದು ಬಿಸಾಡಿದರೆ ಫ್ಯಾನು ತನ್ನ ಅಕ್ಕಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ, ರೇಡಿಯೇಟರಿನ ಮೂಲೆಗಳಿಂದ ಎಳೆಯುವುದಿಲ್ಲ. ಕೂರಿಸಿದ ಮೇಲೆ ಒಂದು ಹಾಳೆಯನ್ನು ರೇಡಿಯೇಟರಿನ ಮುಂಭಾಗಕ್ಕೆ ಹಿಡಿಯಿರಿ. ಹಿಂದಿನಿಂದ ಎಳೆಯುವ ಫ್ಯಾನಾದರೆ ಹಾಳೆ ಅಂಟಿಕೊಳ್ಳಬೇಕು. ದೂರ ಹಾರಿದರೆ ವೈರು ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿದೆ ಎಂದರ್ಥ. ಈ ತಪ್ಪು ನೀವು ಊಹಿಸುವುದಕ್ಕಿಂತ ಹೆಚ್ಚು ಸಲ ಆಗುತ್ತದೆ.

ಗುಜರಿ ಮೋಟಾರ್ ಅಗ್ಗವೇನೋ ಹೌದು, ಆದರೆ ನಮ್ಮ ಕಡೆಯ ಗುಜರಿಗೆ ಬರುವ ವ್ಯಾನುಗಳೂ ಇದೇ ಧೂಳು ಕುಡಿದವುಗಳೇ. ಬ್ಯಾಟರಿ ಕೊಟ್ಟು ಹತ್ತು ನಿಮಿಷ ಓಡಿಸಿ, ಶಾಫ್ಟನ್ನು ಅಲ್ಲಾಡಿಸಿ ನೋಡದೆ ತರಬಾರದು. ಈ ವರ್ಷವೇ ವ್ಯಾನನ್ನು ಮಾರುವವರಿಗೆ ಇದು ಒಪ್ಪುವ ಆಯ್ಕೆ.

ನೇರ ಸ್ವಿಚ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇಟ್ಟು ಥರ್ಮೋ ಸ್ವಿಚ್ಚನ್ನು ಪೂರ್ತಿ ತೆಗೆದುಹಾಕುವುದು ಅಪಾಯಕಾರಿ. ಮೋಟಾರಿನ ಪೂರ್ತಿ ಕರೆಂಟು ಸಣ್ಣ ವೈರಿನಲ್ಲಿ ಹರಿದು ವೈರು ಕರಗಬಹುದು. ಇನ್ನೊಬ್ಬರು ವ್ಯಾನು ಓಡಿಸಿದ ದಿನ ಗುಂಡಿ ಒತ್ತಲು ಮರೆಯುತ್ತಾರೆ. ನನ್ನ ವ್ಯಾನಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ) ಹೋದದ್ದು ಹಾಗೆಯೇ: ಒಂದು ಗ್ಯಾರೇಜಿನಲ್ಲಿ ಇಂಥ ಗುಂಡಿ ಹಾಕಿಕೊಟ್ಟಿದ್ದರು, ನನ್ನ ತಮ್ಮ ಕಾರಟಗಿಯವರೆಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಹೊಗೆಯಾಡಿತು. ಆದರೆ ಫ್ಯೂಸು ಮತ್ತು ರಿಲೇ ಸಹಿತವಾಗಿ, ಥರ್ಮೋ ಸ್ವಿಚ್ಚನ್ನು ಉಳಿಸಿಕೊಂಡೇ, ಅದರ ಪಕ್ಕಕ್ಕೆ ಹೆಚ್ಚುವರಿಯಾಗಿ ಒಂದು ಗುಂಡಿ ಕೊಡಿಸಿಕೊಳ್ಳುವುದನ್ನು ನಮ್ಮ ಬೇಸಿಗೆಗೆ ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ತಾನಾಗಿ ತಿರುಗುವುದು ತಿರುಗಿಯೇ ತಿರುಗುತ್ತದೆ. ದಟ್ಟಣೆ ಕಂಡಾಗ ಮುಂಚಿತವಾಗಿ ಹಾಕಿಕೊಳ್ಳುವ ಅನುಕೂಲವೂ ಸಿಗುತ್ತದೆ.

ಬೆಲ್ಟಿನಿಂದ ತಿರುಗುವ ಫ್ಯಾನಿರುವ ಡೀಸೆಲ್ ವ್ಯಾನುಗಳಲ್ಲಿ ಪ್ರಶ್ನೆ ವಿಸ್ಕಸ್ ಕಪ್ಲಿಂಗಿನದು, ಅಂದರೆ ಬಿಸಿ ಹೆಚ್ಚಿದಂತೆ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಜೋಡಣೆಯದು. ಎಂಜಿನ್ ಬಿಸಿಯಿರುವಾಗ ನಿಲ್ಲಿಸಿ ರೆಕ್ಕೆಯನ್ನು ಕೈಯಿಂದ ತಿರುಗಿಸಿದರೆ ಬಿಗುವಿರಬೇಕು. ಸರಾಗವಾಗಿ ಸುತ್ತಿದರೆ ಒಳಗಿನ ಸಿಲಿಕೋನ್ ದ್ರವ ಸೋರಿದೆ. ಹೊಸ ಕಪ್ಲಿಂಗ್ ದುಬಾರಿಯೆಂದು ಅದನ್ನು ಬೋಲ್ಟ್ ಹಾಕಿ ಬಂಧಿಸಿಬಿಡುವುದು ಇಲ್ಲಿಯ ರೂಢಿ. ಹಾಗೆ ಮಾಡಿದರೆ ವ್ಯಾನು ತಣ್ಣಗಿರುತ್ತದೆ, ನಿಜ. ಆದರೆ ಫ್ಯಾನು ಸದಾ ಪೂರ್ತಿ ವೇಗದಲ್ಲಿ ತಿರುಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸದ್ದು ಹೆಚ್ಚುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ದಿನಕ್ಕೆ ನೂರಾರು ಕಿಲೋಮೀಟರ್ ಓಡುವವರಿಗೆ ಹೊಸ ಕಪ್ಲಿಂಗೇ ಕೊನೆಗೆ ಅಗ್ಗವಾಗುತ್ತದೆ.

ರೇಡಿಯೇಟರು: ತಾಮ್ರವೋ ಅಲ್ಯುಮಿನಿಯಮ್ಮೋ

ಒಳಗೆ ಕಟ್ಟಿಕೊಂಡಿದೆಯೇ ಎಂದು ತಿಳಿಯಲು, ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಫ್ಯಾನಿನ ಕನೆಕ್ಟರ್ ಕಳಚಿ, ರೇಡಿಯೇಟರಿನ ಮೈಯುದ್ದಕ್ಕೂ ಎಚ್ಚರಿಕೆಯಿಂದ ಅಂಗೈಯನ್ನು ಹತ್ತಿರ ಹಿಡಿದು ನೋಡಬೇಕು. ಸುತ್ತಲೂ ಬಿಸಿಯಿದ್ದು ನಡುವೆ ಎಲ್ಲಾದರೂ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ.

ಹಳೆಯ ತಾಮ್ರ–ಹಿತ್ತಾಳೆಯ ರೇಡಿಯೇಟರಿನ ದೊಡ್ಡ ಗುಣವೆಂದರೆ ಅದು ರಿಪೇರಿಗೆ ಒಗ್ಗುತ್ತದೆ. ಮೇಲಿನ ಟ್ಯಾಂಕನ್ನು ಬಿಚ್ಚಿ, ಪ್ರತಿ ಕೊಳವೆಯೊಳಗೂ ತೆಳುವಾದ ಸರಳು ಓಡಿಸಿ ಗಡಸು ನೀರಿನ ಗಾರೆಯನ್ನು ತೆಗೆದು, ಮತ್ತೆ ಬೆಸುಗೆ ಹಾಕಿಕೊಡುವ ಕುಶಲಿಗರು ನಮ್ಮ ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ಕೋರು (ಕೊಳವೆಗಳಿರುವ ನಡುಭಾಗ) ಗಟ್ಟಿಯಿದ್ದರೆ ಈ ಕೆಲಸಕ್ಕೆ ಹಣ ಹಾಕುವುದು ವ್ಯರ್ಥವಲ್ಲ. ಆದರೆ ಸೋರಿದ ಕೊಳವೆಗಳನ್ನು ಎರಡು ಕಡೆಯೂ ಬೆಸುಗೆಯಿಂದ ಮುಚ್ಚಿ ಕಳಿಸುವ ರಿಪೇರಿಯನ್ನು ಒಪ್ಪುವಾಗ ಯೋಚಿಸಿ: ಮುಚ್ಚಿದ ಪ್ರತಿ ಕೊಳವೆಯೂ ತಂಪಿನ ಒಂದು ಪಾಲನ್ನು ಕಳೆಯುತ್ತದೆ, ಬಿಸಿಲಿಗೆ ಹೋದ ಕಾಲು ಭಾಗದ ಮೇಲೆ ಇದೂ ಸೇರುತ್ತದೆ. ಎರಡಕ್ಕಿಂತ ಹೆಚ್ಚು ಮುಚ್ಚಬೇಕಾಗಿ ಬಂದರೆ ಕೋರನ್ನೇ ಬದಲಿಸುವುದು ಲೇಸು.

ಅಲ್ಯುಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕಿನ ಹೊಸ ರೇಡಿಯೇಟರ್ ಹಗುರ, ಸಾಮಾನ್ಯವಾಗಿ ಹೊಸ ತಾಮ್ರದ್ದಕ್ಕಿಂತ ಅಗ್ಗ, ತಂಪು ಮಾಡುವುದರಲ್ಲಿ ಕಡಿಮೆಯಿಲ್ಲ. ಅದರ ದೌರ್ಬಲ್ಯಗಳು ಎರಡು. ವರ್ಷ ಕಳೆದಂತೆ ಪ್ಲಾಸ್ಟಿಕ್ ಟ್ಯಾಂಕು ಸೇರುವ ಅಂಚಿನಲ್ಲಿ ಬಿರುಕುಬಿಟ್ಟರೆ ದಾರಿಬದಿಯಲ್ಲಿ ಅದಕ್ಕೆ ನಿಲ್ಲುವಂಥ ರಿಪೇರಿಯಿಲ್ಲ. ಎರಡನೆಯದಾಗಿ, ಕೂಲೆಂಟ್ ಇಲ್ಲದ ಉಪ್ಪು ನೀರು ಅಲ್ಯುಮಿನಿಯಮ್ಮನ್ನು ಬೇಗ ತಿನ್ನುತ್ತದೆ. ಹೀಗಾಗಿ ಪ್ರಶ್ನೆ ನಿಮ್ಮ ಅಭ್ಯಾಸದ್ದಾಗಿದೆ: ಕೂಲೆಂಟನ್ನು ಶಿಸ್ತಾಗಿ ಬದಲಿಸುವವರು ಅಲ್ಯುಮಿನಿಯಮ್ಮಿಗೆ ಹೋಗಬಹುದು, ಡ್ರೈವರುಗಳು ಬದಲಾಗುತ್ತಾ ಸಿಕ್ಕಲ್ಲಿ ಸಿಕ್ಕ ನೀರು ತುಂಬುವ ವ್ಯಾನಾದರೆ ತಾಮ್ರದ್ದನ್ನೇ ರಿಪೇರಿ ಮಾಡಿಸಿ ಉಳಿಸಿಕೊಳ್ಳುವುದು ಜಾಣತನ. ಸೋರಿಕೆಗೆ ಅರಿಶಿನ ಪುಡಿ ಸುರಿಯುವುದು ಮನೆ ಮುಟ್ಟುವ ಉಪಾಯ ಮಾತ್ರ. ಆಮೇಲೆ ಅದನ್ನು ತೊಳೆಯದೆ ಬಿಟ್ಟರೆ ಸಣ್ಣ ಕೊಳವೆಗಳನ್ನೂ ಅದೇ ಕಟ್ಟಿಹಾಕುತ್ತದೆ.

ಯಾವ ನೀರು

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಬೋರ್ ನೀರಿನ ಮಾತನ್ನು ನೆನಪಿಡಿ. ಚಹಾದ ಪಾತ್ರೆಯ ತಳದಲ್ಲಿ, ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಗಾರೆಯೇ ರೇಡಿಯೇಟರಿನ ಕೊಳವೆಗಳಲ್ಲೂ, ಎಂಜಿನ್ ಬ್ಲಾಕಿನ ಒಳಗೂ ಕಟ್ಟುತ್ತದೆ. ಬ್ಲಾಕಿನೊಳಗಿನದನ್ನು ಸರಳು ಹಾಕಿ ತೆಗೆಯಲಾಗದು. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆಯಿರುವುದರಿಂದ ಅದು ಬೋರ್ ನೀರಿಗಿಂತ ಎಷ್ಟೋ ಮೇಲು, ಆದರೆ ತುಕ್ಕನ್ನು ತಡೆಯುವ ಗುಣ ಅದರಲ್ಲಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಕೂಲೆಂಟ್ ಕಾನ್ಸಂಟ್ರೇಟನ್ನು ಅರ್ಧಕ್ಕರ್ಧ ಬೆರೆಸಿಕೊಳ್ಳುವುದು, ಬೆರೆಸಿಯೇ ಮಾರುವ ಡಬ್ಬಿಯನ್ನು ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗವಾಗುತ್ತದೆ; ಡಬ್ಬಿಯದರಲ್ಲಿ ಅಳತೆ ತಪ್ಪುವ ಭಯವಿಲ್ಲ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ ಬೇಕು ಎಂದು ಕೇಳುವವರಿಗೆ ಉತ್ತರ ಇದು: ಅರ್ಧಕ್ಕರ್ಧ ಮಿಶ್ರಣ ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ, ಮತ್ತು ತುಕ್ಕು, ಗಾರೆಗಳನ್ನು ತಡೆಯುವ ಔಷಧಿ ಅದರಲ್ಲೇ ಇರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದು ಭಾವಿಸಬಾರದು. ಕೂಲೆಂಟಿನಲ್ಲಿರುವ ಗ್ಲೈಕಾಲ್ ನೀರಿಗಿಂತ ಕಡಿಮೆ ಶಾಖ ಹೊರುವುದರಿಂದ ಅತಿಯಾದರೆ ವ್ಯಾನು ಇನ್ನಷ್ಟು ಕಾಯುತ್ತದೆ. ಹಸಿರು, ಕೆಂಪು ಎಂದು ಬಣ್ಣ ನೋಡಿ ಬೇರೆ ಬೇರೆ ಬಗೆಗಳನ್ನು ಬೆರೆಸದೆ, ಬಗೆ ಬದಲಿಸುವಾಗ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಹಳೆಯ ಬಗೆಯದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಗ್ಯಾಸ್ ಕಿಟ್ ಇರುವ ವ್ಯಾನಿನಲ್ಲಿ ರೆಡ್ಯೂಸರಿಗೆ (ಗ್ಯಾಸಿನ ಒತ್ತಡ ಇಳಿಸುವ ಭಾಗಕ್ಕೆ) ಹೋಗುವ ಎರಡು ಸಣ್ಣ ಹೋಸುಗಳ ಕ್ಲಿಪ್ಪುಗಳನ್ನೂ ಆಗಲೇ ಬಿಗಿಮಾಡಿಸಿ. ಸದ್ದಿಲ್ಲದ ಸೋರಿಕೆ ಅಲ್ಲಿಯೇ ಹೆಚ್ಚು.

ಥರ್ಮೋಸ್ಟ್ಯಾಟನ್ನು ಕಿತ್ತುಹಾಕುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ ಬೆಳಿಗ್ಗೆ ಬಹಳ ಹೊತ್ತು ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ದಾರಿ ಮುಚ್ಚದೆ ಉಳಿದು ಬಿಸಿ ನೀರು ರೇಡಿಯೇಟರಿಗೆ ಹೋಗದೆಯೇ ಮರಳುತ್ತದೆ. ಹಳೆಯದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ, ಮೇಲೆ ಮುದ್ರಿಸಿದ ಡಿಗ್ರಿಯ ಹತ್ತಿರ ತೆರೆಯಲು ಶುರುವಾಗುತ್ತದೆಯೇ ಎಂದು ಮನೆಯಲ್ಲೇ ನೋಡಬಹುದು. ಹೊಸದು ನೂರರ ಲೆಕ್ಕದ ವಸ್ತು.

ಹಣ ಕಡಿಮೆಯಿದ್ದರೆ ಕ್ರಮ ಹೀಗಿರಲಿ: ಮೊದಲು ತೊಳೆತ, ಮುಚ್ಚಳ, ಕೂಲೆಂಟ್, ಹೋಸುಗಳು, ಆಮೇಲೆ ಸ್ವಿಚ್ಚು, ರಿಲೇ, ಥರ್ಮೋಸ್ಟ್ಯಾಟ್, ಇಷ್ಟಾದರೂ ಕಾದರೆ ಮಾತ್ರ, ಎಲ್ಲಿ ಕಾಯುತ್ತದೆ ಎಂಬುದನ್ನು ಆಧರಿಸಿ, ಫ್ಯಾನ್ ಮೋಟಾರ್ ಅಥವಾ ರೇಡಿಯೇಟರ್. ಆರ್‌ಸಿ ಈಗಷ್ಟೇ ನವೀಕರಣವಾಗಿ ಐದು ವರ್ಷ ಓಡಿಸುವ ಇರಾದೆಯಿರುವವರು ರೇಡಿಯೇಟರ್ ಬಿಚ್ಚಿದ ಸಂದರ್ಭದಲ್ಲೇ ಎಲ್ಲ ಹೋಸುಗಳನ್ನೂ ಬದಲಿಸಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಕೂಲೆಂಟಿನ ಕಲೆ ಇದೆಯೇ ಎಂದು ನೋಡಿಸಿಕೊಂಡರೆ ಮತ್ತೊಮ್ಮೆ ಕೂಲಿ ಕೊಡುವುದು ತಪ್ಪುತ್ತದೆ. ಆದರೆ ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ, ಸೈಲೆನ್ಸರಿನಿಂದ ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರಿನಲ್ಲಿ ಸತತವಾಗಿ ಗುಳ್ಳೆ ಏಳುತ್ತಿದ್ದರೆ, ಮೇಲಿನ ಯಾವುದಕ್ಕೂ ಹಣ ಹಾಕಬೇಡಿ. ಮೊದಲು ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಆಗಬೇಕು.

ಕೆಲಸ ಮುಗಿದ ದಿನ ಗ್ಯಾರೇಜಿನಿಂದ ಹೊರಡುವ ಮುನ್ನ ಗಾಳಿ ಹೊರಹೋಗುವವರೆಗೆ ನಿಧಾನವಾಗಿ ಕೂಲೆಂಟ್ ತುಂಬಿಸಿ, ಮುಚ್ಚಳ ಹಾಕಿ, ಮಧ್ಯಾಹ್ನದ ಬಿಸಿಲಿನಲ್ಲಿಯೇ ವ್ಯಾನನ್ನು ನಿಲ್ಲಿಸಿ ಎಂಜಿನ್ ಚಾಲೂ ಇಡಿಸಿ. ಫ್ಯಾನು ತಾನಾಗಿ ಹತ್ತಿ, ಆರಿ, ಮತ್ತೊಮ್ಮೆ ಹತ್ತಿ ಆರುವವರೆಗೂ ಮುಳ್ಳು ನಡುಗೆರೆ ದಾಟದಿದ್ದರೆ ಹಣ ಕೊಟ್ಟು ಬನ್ನಿ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ರೇಡಿಯೇಟರ್ ಬಾಯಿಯಲ್ಲೂ ಪಕ್ಕದ ಬಾಟಲಿಯಲ್ಲೂ ಮಟ್ಟ ನೋಡಿ, ಕಡಿಮೆಯಾಗಿದ್ದಷ್ಟನ್ನು ಅದೇ ಕೂಲೆಂಟಿನಿಂದ ತುಂಬಿ, ಉಳಿದ ಡಬ್ಬಿಯನ್ನು ವ್ಯಾನಿನಲ್ಲೇ ಇಟ್ಟುಕೊಳ್ಳಿ.